ಹೋಗದಿರುವ ವ್ರತ

ನಮ್ಮ ಕಡೆ 'ನಡುಗಡ್ಡೆ' ಎಂಬ ಮಾತನ್ನು ನಾವು ಭೂಗೋಳದ ಪುಸ್ತಕದಿಂದ ಕಲಿತದ್ದಲ್ಲ, ಮಳೆಗಾಲದ ಪತ್ರಿಕೆಯಿಂದ ಕಲಿತದ್ದು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು, ಕೊಯ್ನಾದಿಂದ ನೀರು ಬಿಟ್ಟು, ದೂಧಗಂಗಾ ವೇದಗಂಗಾಗಳೂ ತುಂಬಿ ಬಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಯಾವುದಾದರೂ ಊರು, ಯಾವುದಾದರೂ ತೋಟದ ವಸತಿ 'ನಡುಗಡ್ಡೆಯಾಗುತ್ತದೆ'. ಹಾಗೆ ಆಯಿತೆಂದರೆ ಬೋಟು ಬರಬೇಕು, ಜನ ಹೊರಗೆ ಬರಬೇಕು. ನಮಗೆ ನಡುಗಡ್ಡೆ ಎಂದರೆ ಬಿಟ್ಟು ಬರಬೇಕಾದ ಜಾಗ. ಅದು ಯಾರಿಗಾದರೂ ಆಸರೆಯಾಗಬಹುದು ಎಂಬ ಯೋಚನೆ ನನಗೆ ಬಹಳ ಕಾಲ ಬಂದಿರಲಿಲ್ಲ.

2019ರ ಆಗಸ್ಟ್‌ನಲ್ಲಿ ಕಾಗವಾಡ ತಾಲೂಕಿನ ಹೊಳೆದಂಡೆಯಲ್ಲಿರುವ ನಮ್ಮ ತೋಟದ ಮನೆಯೂ ಹಾಗೆ ಆಯಿತು. ಆಯಿ ಮೊದಲ ದಿನ ಬರಲಿಲ್ಲ. ಎರಡು ಎಮ್ಮೆ, ನಾಲ್ಕು ಆಡು ಬಿಟ್ಟು ಹೇಗೆ ಬರುವುದು ಎಂದು ಕೂತಳು. ಎರಡನೆಯ ದಿನ ಆಡುಗಳನ್ನು ಬೋಟಿಗೆ ಹಾಕಿಕೊಳ್ಳಲು ಒಪ್ಪಿದ ಮೇಲೆ, ಎಮ್ಮೆಗಳನ್ನು ಮನೆಯ ಹಿಂದಿನ ದಿಬ್ಬಕ್ಕೆ ಬಿಟ್ಟು ಬಂದಳು. ಕಾಳಜಿ ಕೇಂದ್ರದಲ್ಲಿ ಅವಳನ್ನು ಕಾಡಿದ್ದು ಪ್ರವಾಹವಲ್ಲ. ದಿನವೂ ಯಾರೋ ಬರುತ್ತಿದ್ದರು. ಬಿಸ್ಕತ್ತು ಕೊಟ್ಟು ಫೋಟೊ ತೆಗೆದುಕೊಂಡು ಹೋಗುವವರು, ಏನೂ ಕೊಡದೆ ಫೋಟೊ ತೆಗೆದುಕೊಂಡು ಹೋಗುವವರು. ಆಯಿ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. "ಹೊಳಿ ಬಂದದ್ದು ನಮ್ಮ ಹಣೇಬಾರ. ಇವರು ನೋಡಾಕ ಬರೂದು ಯಾರ ಹಣೇಬಾರ?" ಎಂದಿದ್ದಳು. ಆಗ ನಗು ಬಂದಿತ್ತು.

ನಗು ನಿಂತದ್ದು ಕೆಲವು ವರ್ಷಗಳ ನಂತರ, ನಾನೇ ರೆಕಾರ್ಡರ್ ಹಿಡಿದುಕೊಂಡು ಹೊಳೆದಂಡೆಯ ಊರುಗಳಲ್ಲಿ ತಿರುಗುವಾಗ. ನನ್ನ ಸಂಶೋಧನೆ ಪರಿಸರ ನೀತಿಗೆ ಸಂಬಂಧಿಸಿದ್ದು. ಮನುಷ್ಯರಲ್ಲದ ಜೀವಗಳ ಬಗ್ಗೆ ನಮಗೇನಾದರೂ ಕರ್ತವ್ಯವಿದೆಯೇ ಎಂಬ ಹಳೆಯ ಪ್ರಶ್ನೆ. ಅದರಲ್ಲೊಂದು ಅಧ್ಯಾಯಕ್ಕೆ ಪ್ರವಾಹದಲ್ಲಿ ದನಕರು ಬಿಟ್ಟು ಬಂದವರ ಮಾತು ಬೇಕಿತ್ತು. ಒಬ್ಬ ಹೆಂಗಸು ಬಾಗಿಲಲ್ಲೇ ನಿಂತು "ಮಾತಾಡೂದಿಲ್ಲ" ಎಂದಳು. ಯಾಕೆ ಎಂದು ಕೇಳಿದೆ. ಅದಕ್ಕೂ ಉತ್ತರ ಕೊಡಲಿಲ್ಲ. ನಾನು ಅಂದು ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು 'ಮಾಹಿತಿ ಸಿಗಲಿಲ್ಲ' ಎಂದು. ಮಾಹಿತಿ ಸಿಕ್ಕಿತ್ತು, ನನಗೆ ಓದಲು ಬರಲಿಲ್ಲ.

ಅದೇ ದಿನಗಳಲ್ಲಿ ಗ್ವಾಡಲೂಪ್ ಎಂಬ ದ್ವೀಪದ ಕಥೆ ಓದಿದೆ. ಮೆಕ್ಸಿಕೋದ ಪಶ್ಚಿಮ ತೀರದಿಂದ ಸುಮಾರು 240 ಕಿಲೋಮೀಟರ್ ದೂರ, ಪೆಸಿಫಿಕ್ ಸಾಗರದಲ್ಲಿರುವ ಜ್ವಾಲಾಮುಖಿಯ ಕಲ್ಲುಗುಡ್ಡ. ಅಲ್ಲಿ ಆನೆ ಸೀಲ್‌ಗಳು ದಡಕ್ಕೆ ಬರುತ್ತವೆ. (ಸೀಲ್‌ಗೆ ನಮ್ಮಲ್ಲಿ ಬಳಕೆಯ ಹೆಸರಿಲ್ಲ, ನಮ್ಮ ಕಡಲಿಗೆ ಅದು ಬರುವುದೇ ಇಲ್ಲ. ಚಿಕ್ಕೋಡಿಯಲ್ಲಿ ಸೀಲ್ ಎಂದರೆ ತಹಶೀಲ್ದಾರ್ ಕಚೇರಿಯ ಠಸ್ಸೆ.) ಗಂಡಿನ ಮೂಗು ಸೊಂಡಿಲಿನಂತೆ ಜೋತುಬಿದ್ದಿರುತ್ತದೆ, ತೂಕ ಎರಡು ಸಾವಿರ ಕಿಲೋ ಮುಟ್ಟಬಹುದು. ನೀರಿನಲ್ಲಿ ಅದು ಸಾವಿರ ಮೀಟರಿಗಿಂತ ಆಳಕ್ಕೆ ಮುಳುಗುವ ಪ್ರಾಣಿ. ಆದರೆ ಮರಿ ಹಾಕಲು ನೆಲ ಬೇಕು. ನೆಲದ ಮೇಲೆ ಅದು ಹೊಟ್ಟೆ ಎಳೆದುಕೊಂಡು ಹೋಗುವ ಮೂಟೆ. ತಾಯಿ ಸುಮಾರು ನಾಲ್ಕು ವಾರ ಏನೂ ತಿನ್ನದೆ ಮರಿಗೆ ಹಾಲೂಡಿಸುತ್ತ ಬಿದ್ದಿರುತ್ತದೆ. ಇಂಥ ಪ್ರಾಣಿಗೆ ನಡುಗಡ್ಡೆ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ: ಅಲ್ಲಿ ನಾಲ್ಕು ಕಾಲಿನ ಬೇಟೆಗಾರರಿಲ್ಲ. ಬೇಟೆಗಾರರಿಲ್ಲದ ಕಡೆ ಬೆಳೆದ ಜೀವಕ್ಕೆ ಹತ್ತಿರ ಬಂದವರಿಗೆ ಹೆದರಬೇಕೆಂಬುದೂ ಗೊತ್ತಿರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರು ಹಡಗಿನಲ್ಲಿ ಬಂದರು. ಚರ್ಮದ ಕೆಳಗಿನ ಕೊಬ್ಬನ್ನು ಕಾಯಿಸಿದರೆ ದೀಪಕ್ಕೆ, ಯಂತ್ರಕ್ಕೆ ಎಣ್ಣೆ. ಕೆಲವೇ ದಶಕಗಳಲ್ಲಿ ಉತ್ತರ ಪೆಸಿಫಿಕ್‌ನ ಆನೆ ಸೀಲ್ ಮುಗಿದೇ ಹೋಯಿತೆಂದು ಎಲ್ಲರೂ ನಂಬಿದರು. 1892ರಲ್ಲಿ ಪ್ರಾಣಿವಿಜ್ಞಾನಿಗಳ ಒಂದು ತಂಡ ಗ್ವಾಡಲೂಪ್‌ಗೆ ಹೋದಾಗ ದಡದಲ್ಲಿ ಎಂಟು ಸೀಲ್ ಕಂಡವು. ಅವರು ಏಳನ್ನು ಕೊಂದು ವಸ್ತುಸಂಗ್ರಹಾಲಯಕ್ಕೆ ತಂದರು.

ಈ ವಾಕ್ಯವನ್ನು ಮೊದಲ ಸಲ ಓದಿದಾಗ ಸಿಟ್ಟು ಬಂತು, ಎಲ್ಲರಿಗೂ ಬರುತ್ತದೆ. ಆದರೆ ಆ ಸಿಟ್ಟಿನಿಂದ ಏನೂ ಕಲಿಯಲಾಗುವುದಿಲ್ಲ. ಅವರು ಎಣ್ಣೆಗಾಗಿ ಬಂದವರಲ್ಲ, ಆ ಪ್ರಾಣಿಯ ಮೇಲೆ ಆಸ್ಥೆಯಿಂದಲೇ ಬಂದವರು. ಅವರ ಪರವಾಗಿ ಒಂದು ವಾದ ಹೂಡಬಹುದು: ಈ ಜಾತಿ ಹೇಗೂ ಮುಗಿಯಿತು, ನಾವು ಬಿಟ್ಟರೆ ನಾಳೆ ಎಣ್ಣೆಯವನು ಕೊಲ್ಲುತ್ತಾನೆ, ನಮ್ಮ ಕೈಯಲ್ಲಿ ಸತ್ತರೆ ಮುಂದಿನವರಿಗೆ ಅದು ಹೇಗಿತ್ತೆಂಬ ತಿಳಿವಳಿಕೆಯಾದರೂ ಉಳಿಯುತ್ತದೆ. ತರಗತಿಯಲ್ಲಿ ಈ ವಾದವನ್ನು ಮುಂದಿಟ್ಟಾಗ ವಿದ್ಯಾರ್ಥಿಗಳು ತಕ್ಷಣ ತಳ್ಳಿಹಾಕುವುದಿಲ್ಲ. ನಾನೂ ತಳ್ಳಿಹಾಕಿರಲಿಲ್ಲ.

ಅದರಲ್ಲಿರುವ ತಪ್ಪು 'ಹೇಗೂ' ಎಂಬ ಪದದಲ್ಲಿದೆ ಎಂದು ಈಗ ಅನ್ನಿಸುತ್ತದೆ. ಸೀಲ್‌ಗಳು ವರ್ಷದ ಹೆಚ್ಚು ಕಾಲ ಕಳೆಯುವುದು ಸಮುದ್ರದಲ್ಲಿ. ದಡದಲ್ಲಿ ಕಂಡ ಎಂಟೇ ಉಳಿದ ಎಂಟಾಗಿರಲಿಲ್ಲ. ಕಣ್ಣಿಗೆ ಬೀಳದ ಕೆಲವು ನೀರಿನಲ್ಲಿದ್ದವು. ತಾವು ಕಂಡದ್ದೇ ಎಲ್ಲ ಎಂದು ಅವರು ನಂಬಿದ್ದರಿಂದ 'ಮುಗಿಯಿತು' ಎನ್ನುವುದು ಸುಲಭವಾಯಿತು. ಮುಗಿಯಿತು ಎಂದ ಮೇಲೆ ಏನು ಮಾಡಿದರೂ ನಡೆಯುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಮೆಕ್ಸಿಕೋಗೆ ಹೋಗಬೇಕಿಲ್ಲ. ನಮ್ಮ ಹೊಳೆದಂಡೆಯಲ್ಲಿ 'ಹೇಗೂ ಸ್ಥಳಾಂತರ ಆಗೂ ಊರು' ಎಂಬ ಮಾತು ಒಂದು ಊರಿಗೆ ಅಂಟಿಕೊಂಡರೆ ಅಲ್ಲಿನ ಗಟಾರ, ರಸ್ತೆ, ಶಾಲೆಯ ಮಾಡು ಯಾವುದಕ್ಕೂ ಕೈ ಹಚ್ಚುವವರಿಲ್ಲ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಸ್ಥಳಾಂತರ ಆಗುವುದಿಲ್ಲ, ಊರು ಮಾತ್ರ ಮುಗಿದದ್ದರ ಲೆಕ್ಕಕ್ಕೆ ಸೇರಿಬಿಡುತ್ತದೆ.

ತತ್ತ್ವಶಾಸ್ತ್ರದಲ್ಲಿ 'ಕೊನೆಯ ಮನುಷ್ಯ' ಎಂಬ ಪ್ರಸಿದ್ಧ ಉದಾಹರಣೆಯಿದೆ. ರಿಚರ್ಡ್ ರೌಟ್ಲಿ 1973ರಲ್ಲಿ ಮಂಡಿಸಿದ್ದು. ಭೂಮಿಯ ಮೇಲೆ ಉಳಿದ ಕೊನೆಯ ಮನುಷ್ಯ ಸಾಯುವ ಮುಂಚೆ ಸುತ್ತಲಿನ ಮರ, ಪ್ರಾಣಿ ಎಲ್ಲವನ್ನೂ ನಾಶ ಮಾಡಿದರೆ ಅದು ತಪ್ಪೇ? ನಷ್ಟ ಅನುಭವಿಸಲು ಬೇರೆ ಮನುಷ್ಯರೇ ಇಲ್ಲವಲ್ಲ. ತಪ್ಪು ಎನ್ನಿಸಿದರೆ, ಆ ಜೀವಗಳಿಗೆ ನಮ್ಮನ್ನು ಬಿಟ್ಟೂ ಬೆಲೆಯಿದೆ ಎಂದು ಒಪ್ಪಿದಂತೆ. ಒಳ್ಳೆಯ ಉದಾಹರಣೆ. ಆದರೆ ನಮ್ಮ ಕಷ್ಟ ಇದರ ತಿರುವುಮುರುವು: ಇಲ್ಲಿ ಮನುಷ್ಯರು ಕೋಟಿಗಟ್ಟಲೆ ಇದ್ದಾರೆ, ಕೊನೆಯದಾಗುತ್ತಿರುವುದು ಪ್ರಾಣಿ.

1922ರಲ್ಲಿ ಮೆಕ್ಸಿಕೋ ಸರ್ಕಾರ ಗ್ವಾಡಲೂಪ್ ಅನ್ನು ರಕ್ಷಿತ ಪ್ರದೇಶವೆಂದು ಘೋಷಿಸಿ ಕಾವಲಿಗೆ ಸೈನಿಕರನ್ನಿಟ್ಟಿತು. ಸೀಲ್‌ಗಳಿಗೆ ಯಾರೂ ಏನೂ ಕೊಡಬೇಕಾಗಿರಲಿಲ್ಲ, ಮೇವಿಲ್ಲ, ಔಷಧವಿಲ್ಲ. ಜನ ಬರದಿದ್ದರೆ ಸಾಕಿತ್ತು. ಇಂದು ಉತ್ತರದ ಆನೆ ಸೀಲ್‌ಗಳ ಸಂಖ್ಯೆ ಒಂದೂವರೆ ಲಕ್ಷ ದಾಟಿದೆ, ಕ್ಯಾಲಿಫೋರ್ನಿಯಾದ ತೀರಗಳಿಗೂ ಹಬ್ಬಿವೆ. ಎಲ್ಲವೂ ಗ್ವಾಡಲೂಪ್‌ನಲ್ಲಿ ಉಳಿದ ಕೆಲವೇ ಜೀವಗಳ ಸಂತಾನ. 1974ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವುಗಳ ರಕ್ತದ ಪ್ರೋಟೀನುಗಳನ್ನು ಪರೀಕ್ಷಿಸಿದವರಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಸಂಖ್ಯೆ ಮರಳಿತು, ವೈವಿಧ್ಯ ಮರಳಲಿಲ್ಲ. ಅಂದ ಮೇಲೆ ಆ ಏಳು ಸೀಲ್‌ಗಳ ಜೊತೆ ಏನು ಹೋಯಿತು ಎಂಬುದನ್ನು ಯಾವ ಸಂಗ್ರಹಾಲಯದ ಕಪಾಟೂ ಹೇಳಲಾರದು.

ಬರದೇ ಇರುವುದೇ ಒಂದು ಉಪಕಾರ ಎಂಬುದು ನನಗೆ ವಿಚಿತ್ರವಾಗಿ ಕಂಡಿತ್ತು. ನಮ್ಮ ನೀತಿಯ ಮಾತುಗಳೆಲ್ಲ ಮಾಡುವುದರ ಸುತ್ತ ಇವೆ: ದಾನ ಮಾಡು, ಸೇವೆ ಮಾಡು, ಕಾಪಾಡು. ಹೋಗಬೇಡ ಎಂಬುದು ಒಂದು ಸದ್ಗುಣವಾಗಲು ಸಾಧ್ಯವೇ? ಇದಕ್ಕೆ ದಾರಿ ತೋರಿಸಿದವರು ನಮ್ಮ ಪಕ್ಕದ ಮನೆಯ ಮಾವಶಿ.

ನಮ್ಮ ತಾಲೂಕುಗಳಲ್ಲಿ ಜೈನರ ಮನೆಗಳು ಬಹಳ. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಸಂಚಾರ ನಿಲ್ಲಿಸಿ ಒಂದೇ ಕಡೆ ನಿಲ್ಲುವ ಚಾತುರ್ಮಾಸ ನಮಗೆ ಹೊಸತಲ್ಲ. ಹಸಿ ನೆಲದಲ್ಲಿ ಹುಳುಹುಪ್ಪಟೆ ಎದ್ದಿರುತ್ತವೆ, ನಡೆದರೆ ಸಾಯುತ್ತವೆ, ಆದ್ದರಿಂದ ನಡೆಯುವುದಿಲ್ಲ. ಮಾವಶಿ ಗೃಹಸ್ಥರು. ಆದರೂ ಒಂದು ವರ್ಷ ಆ ನಾಲ್ಕು ತಿಂಗಳು ಹೊಳೆ ದಾಟುವುದಿಲ್ಲ ಎಂದು ನೇಮ ತೆಗೆದುಕೊಂಡಿದ್ದರು. ಅವರ ಮಗಳ ಮನೆ ಇರುವುದು ಹೊಳೆಯಾಚೆ, ರಾಯಬಾಗ ತಾಲೂಕಿನಲ್ಲಿ; ಕುಡಚಿ ಸೇತುವೆ ದಾಟಿದರೆ ಅರ್ಧ ತಾಸಿನ ದಾರಿ. ಆ ವರ್ಷ ಮಗಳು ಬಸುರಿ. ಯಾಕೆ ಮಾವಶಿ ಇಷ್ಟು ಕಠಿಣ ಎಂದು ಕೇಳಿದ್ದಕ್ಕೆ ಅವರು ಅಕ್ಕಿ ಆರಿಸುತ್ತಲೇ ಹೇಳಿದರು: "ನಾ ಅಲ್ಲಿ ಹೋಗಲಿಲ್ಲಂದ್ರ ಅಲ್ಲಿ ನನ್ನ ಕಡಿಯಿಂದ ಒಂದ್ ಇರಿವಿನೂ ಸಾಯೂದಿಲ್ಲ ತಂಗಿ. ಇಲ್ಲಿ ಎಷ್ಟ್ ಸಾಯತಾವೋ ನನಗ ಗೊತ್ತಿಲ್ಲ. ಅಲ್ಲಿ ಮಾತ್ರ ಖಾತ್ರಿ."

ಆಮೇಲೆ ಓದಿದೆ. ಶ್ರಾವಕರ ವ್ರತಗಳಲ್ಲಿ ದಿಗ್ವ್ರತ ಎಂಬುದೊಂದಿದೆ: ಈ ದಿಕ್ಕಿಗೆ ಈ ನದಿಯವರೆಗೆ, ಆ ದಿಕ್ಕಿಗೆ ಆ ಬೆಟ್ಟದವರೆಗೆ, ಅದರಾಚೆ ಜೀವಮಾನವಿಡೀ ಹೋಗುವುದಿಲ್ಲ ಎಂದು ಎಲ್ಲೆ ಹಾಕಿಕೊಳ್ಳುವುದು. ಇಂತಿಷ್ಟು ಕಾಲಕ್ಕೆ ಎಲ್ಲೆಯನ್ನು ಇನ್ನೂ ಕಿರಿದು ಮಾಡಿಕೊಂಡರೆ ಅದು ದೇಶವ್ರತ. ಮಾವಶಿಯದು ಶಾಸ್ತ್ರದ ಲೆಕ್ಕದಲ್ಲಿ ಇದೇ. ಇದರ ಹಿಂದಿನ ತರ್ಕ ಸೊಗಸಾದದ್ದು. ಎಲ್ಲೆಯ ಒಳಗೆ ಗೃಹಸ್ಥ ಗೃಹಸ್ಥನೇ: ಒಲೆ ಹಚ್ಚುತ್ತಾನೆ, ಉಳುತ್ತಾನೆ, ಅಣುವ್ರತಗಳಷ್ಟೇ ಅವನಿಂದ ಸಾಧ್ಯ. ಎಲ್ಲೆಯ ಆಚೆಗೆ ಸಂಬಂಧಪಟ್ಟಂತೆ ಮಾತ್ರ ಅವನ ಅಣುವ್ರತಗಳೇ ಮುನಿಯ ಮಹಾವ್ರತಗಳಂತಾಗುತ್ತವೆ, ಯಾಕೆಂದರೆ ಅಲ್ಲಿ ಅವನಿಂದ ಯಾವ ಹಿಂಸೆಯೂ ಇಲ್ಲ. ಎಲ್ಲೆಲ್ಲೂ ಸಂತನಾಗಲಾರದ ಮನುಷ್ಯ ಒಂದು ದಿಕ್ಕಿಗಾದರೂ ಸಂತನಾಗಬಹುದು ಎಂಬ ಈ ಏರ್ಪಾಡು ನನಗೆ ಬಹಳ ಮನುಷ್ಯಸಹಜವಾಗಿ ಕಂಡಿತು. ರಕ್ಷಿತ ದ್ವೀಪ ಎಂಬುದು ನೆಲದ ಗುಣವಲ್ಲ. ಬರಬಲ್ಲವರೆಲ್ಲ ಸೇರಿ ಹಿಡಿದ ಒಂದು ದಿಗ್ವ್ರತ ಅದು. ಗ್ವಾಡಲೂಪ್‌ನ ಕಲ್ಲು 1892ರಲ್ಲೂ 1922ರಲ್ಲೂ ಅದೇ ಕಲ್ಲು.

ಈ ಹೋಲಿಕೆಗೆ ಎರಡು ತೊಡಕುಗಳಿವೆ, ಒಂದು ಸಣ್ಣದು. ವ್ರತ ಹಿಡಿಯುವುದು ತನ್ನ ಆತ್ಮಶುದ್ಧಿಗೆ, ಇರುವೆಗಾಗಿ ಅಲ್ಲ ಎಂದು ಯಾರಾದರೂ ಹೇಳಬಹುದು. ಇರಲಿ, ಇರುವೆಗೆ ಆ ವ್ಯತ್ಯಾಸದಿಂದ ಏನೂ ಆಗಬೇಕಾದ್ದಿಲ್ಲ. ಇನ್ನೊಂದು ದೊಡ್ಡದು: ನಾವು ಹೋಗದೆಯೂ ನಮ್ಮ ಹಿಂಸೆ ಹೋಗುತ್ತದೆ. ಸೀಲ್‌ಗಳ ಎಣ್ಣೆಯಲ್ಲಿ ದೀಪ ಉರಿಸಿದವರಲ್ಲಿ ಹೆಚ್ಚಿನವರು ಯಾವ ದ್ವೀಪವನ್ನೂ ನೋಡಿದವರಲ್ಲ. ಮನೆಯಲ್ಲಿ ಕೂತು ಓದುತ್ತಿದ್ದವರು, ಬಹುಶಃ ನೀತಿಯ ಪುಸ್ತಕಗಳನ್ನೇ. ಸಮಂತಭದ್ರ ಹೇಳುವ ಮೂರು ಗುಣವ್ರತಗಳಲ್ಲಿ ದಿಗ್ವ್ರತದ ಜೊತೆಗೆ ಭೋಗೋಪಭೋಗ ಪರಿಮಾಣ ವ್ರತವೂ ಸೇರಿರುವುದು ಈ ಕಾರಣಕ್ಕೇ ಇರಬೇಕೆಂದು ನನ್ನ ಊಹೆ: ಕಾಲಿಗೆ ಹಾಕಿದ ಎಲ್ಲೆ ಬಳಕೆಗೂ ಬೇಕು.

ಇನ್ನು ನಮ್ಮ ಕಡಲಿಗೆ ಬರುತ್ತೇನೆ. 'ನಮ್ಮ' ಎನ್ನುವಾಗ ಸ್ವಲ್ಪ ಸಂಕೋಚ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಹತ್ತಿರದ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ ಬಂಗಾಳ ಕೊಲ್ಲಿಯ ಕಡೆ ಹೊರಟವಳು. ಕಾಗವಾಡದ ಹುಡುಗಿಗೆ ಕಡಲೆಂದರೆ ಕಾಲೇಜಿನ ಪ್ರವಾಸ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಇದೆ. ಜನವಸತಿಯಿಲ್ಲದ ದ್ವೀಪ, ಸುತ್ತ ಹವಳ, ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡು. ಈ ದ್ವೀಪಕ್ಕೂ ನಾನಾ ರೀತಿಯಲ್ಲಿ ಜನ ಬಂದಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೀನುಗಾರರು ಹರಕೆ ಹೊತ್ತು ಬಂದು ಆಡು ಬಿಟ್ಟು ಹೋಗುತ್ತಾರೆ. ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿದೆ, ಬಂಡೆಗಳ ಮೇಲೆ ಗುಂಡು ಹಾರಿಸಿದೆ. ಈಗ ಸ್ಕೂಬಾ ಡೈವಿಂಗ್‌ಗೆ ಬರುವವರು, ಹವಳವನ್ನು ಪ್ರೀತಿಸಿ ಬರುವವರು.

ಪ್ರೀತಿಸಿ ಬರುವವರ ಬಗ್ಗೆ ಏನು ಹೇಳುವುದು ಎಂಬುದೇ ಕಷ್ಟ. ಗ್ವಾಡಲೂಪ್‌ನಲ್ಲೂ ಕೊನೆಗೆ ಇವರೇ ಬಂದರು. ಸೀಲ್‌ಗಳಿರುವಲ್ಲಿ ಬಿಳಿ ಶಾರ್ಕ್‌ಗಳೂ ಇರುತ್ತವೆ. ಪಂಜರದೊಳಗೆ ಕೂತು ಅವನ್ನು ನೋಡುವ ಪ್ರವಾಸ ಅಲ್ಲಿ ಪ್ರಸಿದ್ಧವಾಯಿತು. ಶಾರ್ಕ್‌ಗಳು ಪಂಜರಕ್ಕೆ ಸಿಕ್ಕಿಕೊಂಡು ಗಾಯಗೊಂಡ ಘಟನೆಗಳೂ ನಡೆದವು. 2023ರ ಜನವರಿಯಲ್ಲಿ ಮೆಕ್ಸಿಕೋ ಅದನ್ನು ಪೂರ್ತಿ ನಿಲ್ಲಿಸಿತು. ಎಣ್ಣೆಯವರನ್ನು ತಡೆದು ನೂರು ವರ್ಷವಾದ ಮೇಲೆ ಅಭಿಮಾನಿಗಳನ್ನು ತಡೆಯಬೇಕಾಯಿತು.

ಆಡಿನ ವಿಷಯ ಇನ್ನೂ ಕಷ್ಟದ್ದು. ಗ್ವಾಡಲೂಪ್‌ನಲ್ಲೂ ಹಡಗಿನವರು ಮುಂದೆ ಮಾಂಸಕ್ಕಾಗುತ್ತದೆಂದು ಆಡು ಬಿಟ್ಟಿದ್ದರು. ಅವು ಬೆಳೆದು ದ್ವೀಪವನ್ನೇ ಮೇಯ್ದವು. ಬೇರೆಲ್ಲೂ ಇಲ್ಲದ ಸೈಪ್ರಸ್ ಮರಗಳಿದ್ದವು, ಒಂದು ಸಸಿಯೂ ಮೇಲೇಳದಂತಾಯಿತು. ಕೊನೆಗೆ ಈ ಶತಮಾನದ ಮೊದಲ ದಶಕದಲ್ಲಿ ಸಾವಿರಾರು ಆಡುಗಳನ್ನು ತೆಗೆದುಹಾಕಿದರು, ಬಹಳಷ್ಟನ್ನು ಗುಂಡಿಟ್ಟು. ಸಸಿಗಳು ಎದ್ದವು. ಆಡುಗಳನ್ನು ಬೋಟಿಗೆ ಹಾಕಿಕೊಳ್ಳದೆ ತಾನು ಹತ್ತುವುದಿಲ್ಲ ಎಂದವಳ ಮೊಮ್ಮಗಳು ನಾನು. ಇದನ್ನು ಓದಿ ಸಸಿಗಳ ಬಗ್ಗೆ ಖುಷಿಪಡುವುದು ನನ್ನಿಂದ ಪೂರ್ತಿಯಾಗಿ ಆಗಲಿಲ್ಲ. ಮಾಡಿದ್ದು ತಪ್ಪು ಎನ್ನುವುದೂ ಆಗಲಿಲ್ಲ. ನಾವು ಬಿಟ್ಟುಬಂದದ್ದು ನಮ್ಮ ಪರವಾಗಿ ಅಲ್ಲೇ ಇರುತ್ತದೆ. ಆಮೇಲೆ ನಾವು ಎಷ್ಟು ದೂರ ನಿಂತರೂ ಅದು ಹೋಗದಿರುವಿಕೆ ಅಲ್ಲ. ಮಾವಶಿಯನ್ನು ಕೇಳಿದೆ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಪ್ರಶ್ನಿ ಆಡು ಬಿಟ್ಟು ಬರೂ ದಿನ ಕೇಳಬೇಕಿತ್ತಲ್ಲ ತಂಗಿ" ಎಂದರು. ಅದಕ್ಕಿಂತ ಹೆಚ್ಚು ಹೇಳಲು ಒಪ್ಪಲಿಲ್ಲ.

ನಮ್ಮ ತೀರದ ಕಡಲ ಸಸ್ತನಿಗಳಿಗೆ ದ್ವೀಪವೂ ಆಸರೆಯಲ್ಲ ಎಂಬುದು ಇನ್ನೊಂದು ಮಾತು. ಡಾಲ್ಫಿನ್‌ಗಳು ಸೀಲ್‌ಗಳಂತೆ ದಡಕ್ಕೆ ಬರುವುದಿಲ್ಲ. ಹುಟ್ಟುವುದು, ಹಾಲೂಡಿಸುವುದು, ಸಾಯುವುದು ಎಲ್ಲ ನೀರಿನಲ್ಲೇ. ಗೂನುಬೆನ್ನಿನ ಡಾಲ್ಫಿನ್ ಇರುವುದಂತೂ ತೀರಕ್ಕೆ ಅಂಟಿಕೊಂಡ ಆಳವಿಲ್ಲದ ನೀರಿನಲ್ಲಿ, ನದಿಗಳು ಕಡಲು ಸೇರುವಲ್ಲಿ. ಅಂದರೆ ಬಲೆ, ಬೋಟು, ಬಂದರು, ಪ್ರವಾಸಿಗರು ಎಲ್ಲರೂ ಇರುವಲ್ಲೇ. ಅದಕ್ಕೆ ಬೇಕಾದ ನಡುಗಡ್ಡೆ ನೀರಿನದು: ಸದ್ದು ಕಡಿಮೆಯಿರುವ, ವೇಗ ಕಡಿಮೆಯಿರುವ ಒಂದಿಷ್ಟು ನೀರು. ಕಣ್ಣಿಗೆ ಕಾಣುವ ಅಂಚಿಲ್ಲದ ಜಾಗಕ್ಕೆ ಎಲ್ಲೆ ಹಾಕಿಕೊಳ್ಳುವುದು ಹೇಗೆ? ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿಯಲ್ಲಿ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮ ರೂಪುಗೊಂಡಿದೆ, ಒಳ್ಳೆಯದು. ಅದೇ ತೀರದ ಕಾಸರಕೋಡ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ಹೋರಾಡುತ್ತ ಬಂದಿದ್ದಾರೆ. ಎಲ್ಲೆಯನ್ನು ಯಾರಿಗೆ ಹಾಕುತ್ತೇವೆ ಎಂಬ ಪ್ರಶ್ನೆ ಅಲ್ಲಿ ಪುಸ್ತಕದ ಪ್ರಶ್ನೆಯಲ್ಲ. ನಾಡದೋಣಿಯವನಿಗೆ ಮಾತ್ರ ದಿಗ್ವ್ರತ ಹೇಳಿ, ಹಡಗಿಗೆ ದಾರಿ ಬಿಡುವುದಾದರೆ ಅದು ವ್ರತವಲ್ಲ, ಬರೀ ಬೇಲಿ. ಇನ್ನೊಬ್ಬರ ಮೇಲೆ ಹೇರಿದ ಉಪವಾಸಕ್ಕೆ ಹಸಿವು ಎಂದೇ ಹೆಸರು.

ಆದ್ದರಿಂದ ನನ್ನ ಲೆಕ್ಕ ಹೇಳಿಬಿಡುತ್ತೇನೆ. ಗ್ವಾಡಲೂಪ್‌ಗೆ ಹೋಗುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದರೆ ಅದು ಹಾಸ್ಯ. ಶಿಷ್ಯವೇತನವೇ ತಿಂಗಳು ತಪ್ಪಿ ಬರುವವಳು ನಾನು. ಆದರೆ ಎರಡು ವರ್ಷಗಳ ಹಿಂದೆ ಗೆಳತಿಯರ ಜೊತೆ ಕಾರವಾರಕ್ಕೆ ಹೋಗಿದ್ದೆ. ಡಾಲ್ಫಿನ್ ತೋರಿಸುವ ದೋಣಿ ಹತ್ತಿದೆವು. ಮುಕ್ಕಾಲು ತಾಸು ಏನೂ ಇಲ್ಲ. ಆಮೇಲೆ ದೂರದಲ್ಲಿ ಬೂದು ಬೆನ್ನೊಂದು ಎದ್ದು ಮುಳುಗಿತು, ಪಕ್ಕದಲ್ಲಿ ಸಣ್ಣದೊಂದು. ನಾನು ಕಿರುಚಿದೆ. ದೋಣಿಯವರು, ಪಾಪ, ನಮ್ಮ ಖುಷಿಗಾಗಿಯೇ ಇಂಜಿನ್ ಏರಿಸಿ ಅವು ಹೋಗುವ ದಿಕ್ಕಿಗೆ ಅಡ್ಡ ಹಾಕಿದರು. ಇನ್ನೆರಡು ದೋಣಿಗಳೂ ಬಂದವು. ಅವು ಎದ್ದವು, ಮುಳುಗಿದವು, ಆಮೇಲೆ ಕಾಣಲಿಲ್ಲ. "ಅಣ್ಣಾ, ಇನ್ನೊಂದು ಸುತ್ತು" ಎಂದು ಕೂಗಿದ ಧ್ವನಿ ನನ್ನದೇ, ವಿಡಿಯೋದಲ್ಲಿ ಸ್ಪಷ್ಟವಾಗಿದೆ. ಅದೇ ವಿಡಿಯೋವನ್ನು ಆಯಿಗೆ ತೋರಿಸಿದ್ದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಅದರ ಕೂಡ ಕೂಸು ಐತೇನ?" ಎಂದಷ್ಟೇ ಕೇಳಿದಳು.

ಹೌದು ಎಂದೆ. ಫೋನು ವಾಪಸು ಕೊಟ್ಟಳು.

ಈ ಡಿಸೆಂಬರಿಗೆ ಅದೇ ಗೆಳತಿಯರು ನೇತ್ರಾಣಿಗೆ ಹೊರಟಿದ್ದಾರೆ. ಗ್ರೂಪಿನಲ್ಲಿ ದಿನವೂ ದಿನಾಂಕದ ಚರ್ಚೆ. ನನಗೆ ಹೋಗಬೇಕೆಂಬ ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ಹವಳವನ್ನು ಕಣ್ಣಾರೆ ನೋಡಿದವಳಲ್ಲ ನಾನು. ನಿನ್ನೆ ರಾತ್ರಿ 'ನೀವು ಹೋಗಿ ಬನ್ನಿ, ನಾನು ಬರುವುದಿಲ್ಲ' ಎಂದು ಬರೆದೆ. ಕೆಳಗೆ 'ವಿಡಿಯೋ ಕಳಿಸಿ' ಎಂದು ಸೇರಿಸಿದೆ. ಅಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರೆದು ಕಳಿಸಿದೆ.